ಶಾಲೆಯಲ್ಲಿ ಮಗುವಿಗೆ ಉಬ್ಬಸ ಬಂದಾಗ ಶಿಕ್ಷಕರು ಇನ್ಹೇಲರ್ ಕೊಟ್ಟರೆ ಕಾನೂನಿನ ಹೊಣೆ ಯಾರದು?

ಶಾಲಾ_ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅನುದಾನರಹಿತ ಶಾಲೆ, 1ರಿಂದ 10ನೇ ತರಗತಿವರೆಗೆ. ಪೂರ್ಣಾವಧಿ ನರ್ಸ್ ಇಲ್ಲ, ವಾರಕ್ಕೊಮ್ಮೆ ಡಾಕ್ಟರ್ ಬಂದು ಹೋಗುತ್ತಾರೆ. ಅಸ್ತಮಾ ಇದೆ ಎಂದು ಪ್ರವೇಶದ ಅರ್ಜಿಯಲ್ಲೇ ಬರೆದುಕೊಟ್ಟ ಮಕ್ಕಳು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರಿದ್ದಾರೆ. ಕ್ರೀಡಾಕೂಟದ ತಾಲೀಮು ಶುರುವಾದಾಗ, ದೀಪಾವಳಿ ಪಟಾಕಿಯ ಹೊಗೆ ಇನ್ನೂ ಆರದ ವಾರದಲ್ಲಿ ತೊಂದರೆ ಜಾಸ್ತಿ.

ಆಡಳಿತ ಮಂಡಳಿಯವರು ಸುತ್ತೋಲೆ ಹೊರಡಿಸಬೇಕೆಂದಿದ್ದಾರೆ: "ಸಿಬ್ಬಂದಿ ಯಾವ ಔಷಧವನ್ನೂ ಕೊಡಕೂಡದು, ಪೋಷಕರಿಗೆ ಫೋನ್ ಮಾಡಿ ಕಾಯಬೇಕು." ಮಕ್ಕಳ ಇನ್ಹೇಲರ್‌ಗಳನ್ನೆಲ್ಲ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಡಬೇಕಂತೆ. ನನಗೆ ಇದು ಸರಿ ಕಾಣುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ: ಶಿಕ್ಷಕರು ಪಫ್ (ಇನ್ಹೇಲರ್ ಒಂದು ಸಲ ಒತ್ತಿದಾಗ ಬರುವ ಔಷಧ) ಕೊಟ್ಟ ಮೇಲೆ ಮಗುವಿಗೆ ಏನಾದರೂ ಆದರೆ ಕೇಸ್ ಆಗುತ್ತದೆಯೇ? ಕೊಡದೆ ಏನಾದರೂ ಆದರೆ? ಶಾಲೆಯೇ ಒಂದು ಇನ್ಹೇಲರ್ ಕೊಂಡು ಇಟ್ಟುಕೊಳ್ಳಬಹುದೇ? ಎಷ್ಟು ಪಫ್, ಎಷ್ಟು ಅಂತರ, ಆಂಬುಲೆನ್ಸ್ ಯಾವಾಗ ಕರೆಯಬೇಕು?

ವಕೀಲ_ಧಾರವಾಡ

ಮೇಡಂ, ಮೊದಲು ಆ ಸುತ್ತೋಲೆಯನ್ನು ತಡೆಯಿರಿ. ನಾಳೆ ಅನಾಹುತವಾದರೆ ಶಾಲೆಯ ವಿರುದ್ಧ ಕೋರ್ಟಿಗೆ ಹಾಜರಾಗುವ ಮೊದಲ ದಾಖಲೆ ಅದೇ ಆಗಿರುತ್ತದೆ. ಮಗುವಿಗೆ ಅಸ್ತಮಾ ಇರುವುದು ಗೊತ್ತಿತ್ತು, ಔಷಧ ಹತ್ತು ಮಾರು ದೂರದಲ್ಲಿತ್ತು, ಕೊಡಬೇಡಿ ಎಂದು ಆಡಳಿತವೇ ಬರೆದುಕೊಟ್ಟಿತ್ತು. ಎದುರು ವಕೀಲರು ಹೆಚ್ಚೇನೂ ಕಷ್ಟಪಡಬೇಕಾಗಿಲ್ಲ.

ಈಗ ಕೊಟ್ಟವರ ವಿಷಯ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ ಮೂರು ಕಲಂಗಳು ನಿಮಗೆ ಬೇಕಾದವು. ಕಲಂ 27: 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪೋಷಕರು ಅಥವಾ ಮಗುವಿನ ಉಸ್ತುವಾರಿ ಹೊತ್ತವರ ಒಪ್ಪಿಗೆಯಿಂದ ಸದ್ಭಾವನೆಯಲ್ಲಿ ಮಾಡಿದ್ದು ಅಪರಾಧವಲ್ಲ. ಕಲಂ 26: ಒಪ್ಪಿಗೆಯ ಮೇಲೆ ಒಬ್ಬರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ್ದು; 12 ದಾಟಿದ ಮಗುವಿನ ಸ್ವಂತ ಒಪ್ಪಿಗೆಗೂ ಇಲ್ಲಿ ಬೆಲೆ ಇದೆ. ಕಲಂ 30: ಒಪ್ಪಿಗೆ ಪಡೆಯುವ ಸ್ಥಿತಿಯೂ ಇಲ್ಲ, ಪೋಷಕರನ್ನು ಸಮಯಕ್ಕೆ ತಲುಪುವ ದಾರಿಯೂ ಇಲ್ಲ ಎನ್ನುವಾಗ ಮಗುವಿನ ಒಳಿತಿಗಾಗಿ ಮಾಡಿದ ಕೆಲಸಕ್ಕೆ ರಕ್ಷಣೆ. ಈ ಕಲಮಿನ ಕೆಳಗೆ ಶಾಸನವೇ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಮಗುವಿನದೇ: ಪೋಷಕರನ್ನು ಕೇಳುವಷ್ಟು ಹೊತ್ತಿಲ್ಲದಾಗ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯ ಅಪರಾಧಿಯಲ್ಲ. ಕೊಯ್ಯುವುದಕ್ಕೇ ಅಷ್ಟು ರಕ್ಷಣೆಯಿರುವಾಗ, ಡಾಕ್ಟರ್ ಆ ಮಗುವಿಗೆಂದೇ ಬರೆದುಕೊಟ್ಟ ಔಷಧವನ್ನು ಬರೆದ ಪ್ರಮಾಣದಲ್ಲಿ ಕೊಟ್ಟವರು ಹೆದರಬೇಕಾದದ್ದು ಬಹಳ ಕಡಿಮೆ.

ಆದರೆ ಒಂದು ಷರತ್ತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಲಂ 2(11)ರ ಪ್ರಕಾರ ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು "ಸದ್ಭಾವನೆ" ಆಗುವುದಿಲ್ಲ. ಮನಸ್ಸು ಒಳ್ಳೆಯದಿತ್ತು ಎಂದರೆ ಸಾಲದು. ಅವಧಿ ಮುಗಿದ ಇನ್ಹೇಲರ್, ಬೇರೆ ಮಗುವಿನ ಹೆಸರಿನದು, ತರಬೇತಿಯೇ ಇಲ್ಲದ ಆಯಾ ಕೈಗೆ ಕೊಟ್ಟು ಹೋದದ್ದು, ಇವೆಲ್ಲ ಆ ರಕ್ಷಣೆಯನ್ನು ತೂತು ಮಾಡುತ್ತವೆ. ಅದಕ್ಕೇ ಒಪ್ಪಿಗೆ ಪತ್ರ, ಡಾಕ್ಟರ್ ಪ್ಲಾನ್ (ಉಬ್ಬಸ ಬಂದಾಗ ಆ ಮಗುವಿಗೆ ಏನು, ಎಷ್ಟು ಕೊಡಬೇಕೆಂದು ಡಾಕ್ಟರ್ ಬರೆದುಕೊಟ್ಟ ಹಾಳೆ), ತರಬೇತಿ ದಾಖಲೆ, ರಿಜಿಸ್ಟರ್ ಬೇಕು.

ಕೊಡದಿದ್ದರೆ ಏನು? ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಕಲಂ 106(1). ಹಳೆಯ 304ಎ ಅಡಿ ಗರಿಷ್ಠ 2 ವರ್ಷ ಇದ್ದದ್ದು ಈಗ 5 ವರ್ಷ. ನೋಂದಾಯಿತ ವೈದ್ಯರಿಗಷ್ಟೇ 2 ವರ್ಷದ ಮಿತಿ ಉಳಿದಿದೆ, ಶಿಕ್ಷಕರಿಗೆ ಅದಿಲ್ಲ. ಮಾಡಬೇಕಾದ್ದನ್ನು ಕಾನೂನುಬಾಹಿರವಾಗಿ ಮಾಡದೆ ಬಿಡುವುದೂ ಕೃತ್ಯದ ಲೆಕ್ಕಕ್ಕೇ ಬರುತ್ತದೆ. ಮಗು ಶಾಲೆಯ ಉಸ್ತುವಾರಿಯಲ್ಲಿದ್ದಾಗ ಗೊತ್ತಿದ್ದೂ ಬೇಕೆಂದೇ ಕಡೆಗಣಿಸಿ ನರಳಲು ಬಿಟ್ಟರೆ 2015ರ ಬಾಲನ್ಯಾಯ ಕಾಯ್ದೆಯ ಕಲಂ 75 ಕೂಡ ಎದುರಾಗಬಹುದು. ಮಕ್ಕಳ ಪಾಲನೆ ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿಗೆ ಅದರಡಿ ಶಿಕ್ಷೆ 5 ವರ್ಷದವರೆಗೆ, ದಂಡ 5 ಲಕ್ಷದವರೆಗೆ.

ಪರಿಹಾರದ ದಾವೆಯಲ್ಲಿ ಹೊಣೆ ಬಹುತೇಕ ಆಡಳಿತ ಮಂಡಳಿಯದು. 1995ರಲ್ಲಿ ಪಠಾಣ್‌ಕೋಟ್ ಹತ್ತಿರದ ಶಾಲೆಯೊಂದರ 14 ಮಕ್ಕಳು ಪಿಕ್‌ನಿಕ್‌ನಲ್ಲಿ ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಎಂ.ಎಸ್. ಗ್ರೇವಾಲ್ ಪ್ರಕರಣ ಎಂದು ಹೆಸರಾದ 2001ರ ಸುಪ್ರೀಂ ಕೋರ್ಟ್ ತೀರ್ಪು ಇದೇ. ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ ಎಂದು ಪ್ರತಿ ಮಗುವಿಗೆ 5 ಲಕ್ಷದಂತೆ ಪರಿಹಾರವನ್ನು ಎತ್ತಿಹಿಡಿಯಿತು. ಶಾಲೆಯ ಸುಪರ್ದಿಯಲ್ಲಿರುವ ಮಗುವನ್ನು ಎಚ್ಚರದ ಪೋಷಕರು ನೋಡಿಕೊಳ್ಳುವಷ್ಟಾದರೂ ನೋಡಿಕೊಳ್ಳಬೇಕು ಎಂಬುದು ಇಂಥ ತೀರ್ಪುಗಳ ತಿರುಳು. ಕೇಂದ್ರ ಶಿಕ್ಷಣ ಇಲಾಖೆಯ 2021ರ ಶಾಲಾ ಸುರಕ್ಷತೆಯ ಮಾರ್ಗಸೂಚಿಯಲ್ಲೂ ವೈದ್ಯಕೀಯ ನೆರವು ಕೊಡುವಲ್ಲಿ ವಿಳಂಬ ಮಾಡುವುದನ್ನು ಶಾಲೆಯ ನಿರ್ಲಕ್ಷ್ಯಗಳ ಸಾಲಿಗೇ ಸೇರಿಸಿದ್ದಾರೆ.

"ಗುಡ್ ಸಮಾರಿಟನ್ (ಆಪತ್ತಿನಲ್ಲಿ ನೆರವಾದ ದಾರಿಹೋಕರನ್ನು ರಕ್ಷಿಸುವ) ಕಾನೂನು ಇದೆಯಲ್ಲ" ಎಂದು ಯಾರಾದರೂ ಹೇಳಿದರೆ ನೆಚ್ಚಿಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 134ಎ ರಸ್ತೆ ಅಪಘಾತಕ್ಕೆ ಮಾತ್ರ. ಕರ್ನಾಟಕದ 2016ರ ಕಾಯ್ದೆಯನ್ನೂ ಅಪಘಾತದ ಗಾಯಾಳುಗಳಿಗೆ ನೆರವಾಗುವವರನ್ನು ಕಣ್ಣಮುಂದಿಟ್ಟುಕೊಂಡೇ ಮಾಡಿದ್ದು. ಅಲ್ಲದೆ ಶಿಕ್ಷಕರು ದಾರಿಹೋಕರಲ್ಲ, ಮಗುವಿನ ಮೇಲೆ ಅವರಿಗೆ ಮೊದಲೇ ಹೊಣೆಯಿದೆ.

ಇನ್ನೊಂದು ಮಾತು. "ಏನಾದರೂ ಶಾಲೆ ಜವಾಬ್ದಾರಿಯಲ್ಲ" ಎಂದು ಪೋಷಕರಿಂದ ಛಾಪಾ ಕಾಗದದಲ್ಲಿ ಬರೆಸಿಕೊಳ್ಳುವ ಚಾಳಿ ಕೆಲವು ಶಾಲೆಗಳಲ್ಲಿದೆ. ಅದರಿಂದ ಕ್ರಿಮಿನಲ್ ಹೊಣೆ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ.

ಮಕ್ಕಳ_ವಾರ್ಡ್_ನರ್ಸ್

ಕಾನೂನು ವಕೀಲರು ಹೇಳಿದ್ದಾರೆ. ನಾನು ಕೈಕೆಲಸದ ಭಾಗ ಬರೆಯುತ್ತೇನೆ. ಇದು ಪ್ರಥಮ ಚಿಕಿತ್ಸೆಯ ಸಾಮಾನ್ಯ ಕ್ರಮ. ಮಗುವಿನ ಡಾಕ್ಟರ್ ಬರೆದುಕೊಟ್ಟ ಪ್ಲಾನ್‌ನಲ್ಲಿ ಬೇರೆ ಅಂಕೆ ಇದ್ದರೆ ಅದೇ ಅಂತಿಮ.

ಬೇಕಾದ ಸಾಮಾನು: ಸಾಲ್ಬುಟಮಾಲ್ ಇನ್ಹೇಲರ್, ಒಂದು ಪಫ್‌ಗೆ 100 ಮೈಕ್ರೋಗ್ರಾಂ (ನಮ್ಮ ಕಡೆ ಹೆಚ್ಚು ಕಾಣುವ ಹೆಸರು ಅಸ್ತಾಲಿನ್), ಒಂದು ಸ್ಪೇಸರ್ (ಇನ್ಹೇಲರ್ ಮತ್ತು ಬಾಯಿಯ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ), ಚಿಕ್ಕ ಮಕ್ಕಳಿಗೆ ಅದಕ್ಕೆ ಕೂರುವ ಮಾಸ್ಕ್. ಸುಮಾರು 5 ವರ್ಷದೊಳಗಿನ ಮಗು ತುಟಿ ಬಿಗಿಹಿಡಿದು ಎಳೆಯಲಾರದು, ಹಾಗಾಗಿ ಮಾಸ್ಕ್. ಸ್ಪೇಸರ್ ಇಲ್ಲದೆ ನೇರ ಬಾಯಿಗೆ ಹೊಡೆದರೆ ಔಷಧದ ಹೆಚ್ಚಿನ ಪಾಲು ಗಂಟಲಿಗೆ ಅಂಟಿಕೊಳ್ಳುತ್ತದೆ. ಗಾಬರಿಯಲ್ಲಿರುವ ಮಗುವಿಗೆ ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸಿಕೊಳ್ಳಲು ಆಗುವುದೇ ಇಲ್ಲ.

ಮಗುವನ್ನು ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈ ಊರಿಕೊಳ್ಳಲಿ. ಮಲಗಿಸಬೇಡಿ. ಸುತ್ತ ಮಕ್ಕಳು ಮುತ್ತಿಕೊಳ್ಳದಂತೆ ನೋಡಿ, ಟೈ ಸಡಿಲಿಸಿ. ಮಗುವನ್ನು ಸಿಕ್ ರೂಮಿಗೆ ನಡೆಸಿಕೊಂಡು ಹೋಗಬೇಡಿ, ಔಷಧ ಮಗುವಿದ್ದಲ್ಲಿಗೆ ಬರಬೇಕು. ಇನ್ಹೇಲರ್ ಚೆನ್ನಾಗಿ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ, ಒಂದು ಪಫ್ ಒತ್ತಿ, ಮಗು ಅದರಿಂದ 4ರಿಂದ 6 ಸಲ ಸಹಜವಾಗಿ ಉಸಿರಾಡಲಿ. ಮತ್ತೆ ಅಲುಗಾಡಿಸಿ, ಎರಡನೇ ಪಫ್. ಹೀಗೆ 4 ಪಫ್. ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ ಮತ್ತೆ 4. ಆಗಲೂ ಇಳಿಯದಿದ್ದರೆ 108, ಸಿಗದಿದ್ದರೆ 112. ಆಂಬುಲೆನ್ಸ್ ಬರುವವರೆಗೂ ಇದೇ ಕ್ರಮ ಮುಂದುವರಿಯಲಿ.

ಒಟ್ಟಿಗೆ ಎರಡು ಮೂರು ಪಫ್ ಸ್ಪೇಸರ್ ಒಳಗೆ ಹೊಡೆಯುವುದು ಎಲ್ಲ ಕಡೆ ಕಾಣುವ ತಪ್ಪು. ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಪ್ಲಾಸ್ಟಿಕ್ ಗೋಡೆಗೆ ಅಂಟುತ್ತವೆ, ಶ್ವಾಸಕೋಶಕ್ಕೆ ಹೋಗುವುದು ಕಡಿಮೆಯಾಗುತ್ತದೆ.

ಎಂಟು ಪಫ್ ಎಂದರೆ ಜಾಸ್ತಿಯಾಯಿತೇನೋ ಎಂದು ಶಿಕ್ಷಕರು ಹೆದರುತ್ತಾರೆ. ತೀವ್ರವಾದಾಗ 6 ವರ್ಷ ದಾಟಿದ ಮಕ್ಕಳಿಗೆ 20 ನಿಮಿಷಕ್ಕೊಮ್ಮೆ 4ರಿಂದ 10 ಪಫ್ ಎಂಬುದು ಜಾಗತಿಕ ಅಸ್ತಮಾ ಮಾರ್ಗಸೂಚಿಯಲ್ಲೇ ಇರುವ ಪ್ರಮಾಣ. ಕೈ ನಡುಗಬಹುದು, ಎದೆ ಡವಡವ ಎನ್ನಬಹುದು. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅಸ್ತಮಾ ಇಲ್ಲದ ಮಗುವಿಗೆ ತಪ್ಪಿ ನಾಲ್ಕು ಪಫ್ ಹೋದರೂ ಸಾಮಾನ್ಯವಾಗಿ ಆಗುವುದು ಇಷ್ಟೇ. ಔಷಧ ತಡವಾದರೆ ಆಗುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಕಾಯದೆ ತಕ್ಷಣ 108 ಕರೆಯಬೇಕಾದ ಲಕ್ಷಣ: ಒಂದು ವಾಕ್ಯ ಪೂರ್ತಿ ಹೇಳಲಾಗದೆ ಒಂದೊಂದೇ ಪದ ಬರುವುದು, ಉಸಿರೆಳೆದಾಗ ಪಕ್ಕೆಲುಬಿನ ನಡುವೆ, ಗಂಟಲ ಕುಳಿಯಲ್ಲಿ ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ತುಟಿ ನೀಲಿಗಟ್ಟುವುದು, ತೂಕಡಿಕೆ, ಗೊಂದಲ. ಇದರಲ್ಲಿ ಎಲ್ಲರೂ ಮೋಸಹೋಗುವುದು ಸದ್ದಿನ ವಿಷಯದಲ್ಲಿ. ಗುಯ್ ಗುಯ್ ಎನ್ನುತ್ತಿದ್ದ ಎದೆ ಸುಮ್ಮನಾಗಿದೆ, ಆದರೆ ಮಗು ಇನ್ನೂ ಒದ್ದಾಡುತ್ತಿದೆ ಎಂದರೆ ವಾಸಿಯಾಗಿದೆ ಎಂದಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ಅದು ಅತಿ ಅಪಾಯದ ಸ್ಥಿತಿ. ಪಲ್ಸ್ ಆಕ್ಸಿಮೀಟರ್ ಇದ್ದರೆ ನೋಡಿ, ರಕ್ತದ ಆಮ್ಲಜನಕ ಶೇ. 92ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ. ಆದರೆ ಅಂಕೆ ಚೆನ್ನಾಗಿದೆ ಎಂದು ಒದ್ದಾಡುವ ಮಗುವನ್ನು ತರಗತಿಗೆ ಕಳಿಸಬೇಡಿ.

ಬಿಸಿನೀರಿನ ಹಬೆ, ವಿಕ್ಸ್, ಕೆಮ್ಮಿನ ಸಿರಪ್ ಇವುಗಳಲ್ಲಿ ಹೊತ್ತು ಕಳೆಯುವುದು ಬೇಡ. ಸಾಲ್ಬುಟಮಾಲ್ ಸಿರಪ್ ಕೂಡ ತುರ್ತಿಗೆ ಆಗುವುದಿಲ್ಲ, ಹೊಟ್ಟೆಗೆ ಹೋಗಿ ಕೆಲಸ ಶುರುಮಾಡಲು ಬಹಳ ತಡ. ಪಫ್ ಆದರೆ ಐದು ನಿಮಿಷದೊಳಗೆ ಪರಿಣಾಮ ಕಾಣತೊಡಗುತ್ತದೆ.

ಮೆಡಿಕಲ್_ಶಾಪ್_ಮೈಸೂರು

ಎರಡು ಮೂರು ಸೇರಿಸುತ್ತೇನೆ.

ಮಕ್ಕಳು ತರುವ ಎಲ್ಲವೂ ತುರ್ತಿನ ಔಷಧವಲ್ಲ. ಬ್ಯುಡೆಸೊನೈಡ್ ಒಂದೇ ಇರುವುದು ದಿನಾ ತೆಗೆದುಕೊಳ್ಳುವ ತಡೆ ಔಷಧ, ಉಬ್ಬಸ ಬಂದಾಗ ಕೊಟ್ಟರೆ ಉಪಯೋಗವಿಲ್ಲ. ಬ್ಯುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಸೇರಿದ್ದನ್ನು ಕೆಲವು ದೊಡ್ಡ ಮಕ್ಕಳಿಗೆ ಡಾಕ್ಟರ್ ತುರ್ತಿಗೂ ಬರೆಯುತ್ತಾರೆ. ಬಣ್ಣ ನೋಡಿ ತೀರ್ಮಾನಿಸಬೇಡಿ, ಲೇಬಲ್ ಮೇಲಿನ ಔಷಧದ ಹೆಸರನ್ನು ಪ್ಲಾನ್ ಜೊತೆ ತಾಳೆ ನೋಡಿ. ರೋಟಾಕ್ಯಾಪ್ ಎಂಬ ಪುಡಿ ಕ್ಯಾಪ್ಸೂಲ್ ತರುವವರಿದ್ದಾರೆ. ಅದನ್ನು ಮಗು ಜೋರಾಗಿ ಎಳೆದರಷ್ಟೇ ಒಳಗೆ ಹೋಗುವುದು, ಉಸಿರೇ ಸಿಗದಿರುವಾಗ ಆ ಬಲ ಎಲ್ಲಿಂದ ಬರಬೇಕು? ಶಾಲೆಗೆ ಪಫ್ ಇನ್ಹೇಲರೇ ಕೊಡಿ ಎಂದು ಪೋಷಕರನ್ನು ಕೇಳಿ.

ಒಂದು ಕ್ಯಾನಿಸ್ಟರಿನಲ್ಲಿ (ಇನ್ಹೇಲರ್ ಒಳಗಿನ ಔಷಧದ ಡಬ್ಬಿ) ಸಾಮಾನ್ಯವಾಗಿ 200 ಪಫ್. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆ ನಂಬಲರ್ಹವಲ್ಲ, ಔಷಧ ಮುಗಿದ ಮೇಲೂ ಒಳಗಿನ ಅನಿಲ ಬುಸ್ ಎನ್ನುತ್ತದೆ. ಉಳಿದ ಪಫ್ ಎಣಿಕೆ ತೋರಿಸುವ ಕೌಂಟರ್ ಇರುವುದನ್ನು ಕೊಳ್ಳಿ, ಇಲ್ಲದಿದ್ದರೆ ಪ್ರತಿ ಪಫ್ ರಿಜಿಸ್ಟರಿನಲ್ಲಿ ಬರೆಯಿರಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಮುಟ್ಟಿಲ್ಲವಾದರೆ ಮೊದಲು ಗಾಳಿಗೆ ಹೊಡೆದು ತಯಾರು ಮಾಡಬೇಕು, ಎಷ್ಟು ಸಲ ಎಂಬುದು ಒಳಗಿನ ಚೀಟಿಯಲ್ಲಿರುತ್ತದೆ. 30 ಡಿಗ್ರಿ ಮೀರಿದ ಜಾಗದಲ್ಲಿ ಇಡಬೇಡಿ, ಬಸ್ಸಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ.

ಹೊಸ ಪ್ಲಾಸ್ಟಿಕ್ ಸ್ಪೇಸರಿನಲ್ಲಿ ಸ್ಥಾಯಿ ವಿದ್ಯುತ್ ಇದ್ದು ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ ಅದ್ದಿ, ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಅದೇ ಕಥೆ.

ಶಾಲೆಯ ಹೆಸರಿನಲ್ಲಿ ಕೊಳ್ಳುವ ಬಗ್ಗೆ: ಸಾಲ್ಬುಟಮಾಲ್ ಇನ್ಹೇಲರ್ ಡಾಕ್ಟರ್ ಚೀಟಿಯ ಮೇಲೆ ಮಾರಬೇಕಾದ ಔಷಧ. ಚೀಟಿಯಿಲ್ಲದೆ ಕೊಡುವ ಅಂಗಡಿಗಳು ಸಿಗುತ್ತವೆ, ಆದರೆ ನಿಮ್ಮ ಕಡತದಲ್ಲಿ ಅದು ದುರ್ಬಲ ಕೊಂಡಿ. ವಾರಕ್ಕೊಮ್ಮೆ ಬರುವ ಡಾಕ್ಟರಿಂದ ಬರೆಸಿಕೊಂಡು, ಬಿಲ್ ಮತ್ತು ಬ್ಯಾಚ್ ನಂಬರ್ ಇಟ್ಟುಕೊಳ್ಳಿ.

ಲೆಸ್ಟರ್_ಕನ್ನಡತಿ

ಇಲ್ಲಿನ ವ್ಯವಸ್ಥೆ ಹೋಲಿಕೆಗೆ ಉಪಯೋಗವಾಗಬಹುದು. ಬ್ರಿಟನ್ನಿನಲ್ಲಿ 2014ರ ಅಕ್ಟೋಬರ್ 1ರಿಂದ ಶಾಲೆಗಳು ಚೀಟಿಯಿಲ್ಲದೆ ಸಾಲ್ಬುಟಮಾಲ್ ಇನ್ಹೇಲರ್ ಕೊಂಡು ತುರ್ತಿಗೆ ಇಟ್ಟುಕೊಳ್ಳಬಹುದು. ಮುಖ್ಯ ಶಿಕ್ಷಕರ ಸಹಿಯಿರುವ ಕೋರಿಕೆ ಪತ್ರ ಕೊಟ್ಟರೆ ಔಷಧದಂಗಡಿಯವರು ಕೊಡುತ್ತಾರೆ. ಆದರೆ ಯಾರಿಗೆ ಬೇಕಾದರೂ ಹೊಡೆಯುವಂತಿಲ್ಲ: ಅಸ್ತಮಾ ಎಂದು ಗುರುತಿಸಿದ ಅಥವಾ ಈ ಔಷಧ ಬರೆದುಕೊಟ್ಟಿರುವ, ಪೋಷಕರ ಲಿಖಿತ ಒಪ್ಪಿಗೆಯಿರುವ ಮಕ್ಕಳಿಗೆ ಮಾತ್ರ. ಆ ಮಕ್ಕಳ ಪಟ್ಟಿ ಇನ್ಹೇಲರ್ ಡಬ್ಬದೊಳಗೇ ಇರುತ್ತದೆ. ಇಂಗ್ಲೆಂಡಿನ ಶಾಲೆಗಳಿಗೆ ಕಾಯಿಲೆಯಿರುವ ಮಕ್ಕಳ ಬೆಂಬಲಕ್ಕೆ ವ್ಯವಸ್ಥೆ ಮಾಡುವುದು 2014ರ ಕಾಯ್ದೆಯಿಂದ ಕಡ್ಡಾಯವೂ ಹೌದು.

ಬೀಗದ ಬೀರುವಿನ ಬಗ್ಗೆ ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನು ನೋಡಿ. 2012ರಲ್ಲಿ ರಯಾನ್ ಎಂಬ 12 ವರ್ಷದ ಹುಡುಗ ಶಾಲೆಯಲ್ಲಿ ಉಬ್ಬಸ ಬಂದು ತೀರಿಕೊಂಡ. ಅವನ ಇನ್ಹೇಲರ್ ಶಾಲೆಯ ಆಫೀಸಿನಲ್ಲಿ ಬೀಗದೊಳಗಿತ್ತು. ತಾಯಿಯ ಹೋರಾಟದ ಫಲವಾಗಿ 2015ರಲ್ಲಿ ಬಂದ "ರಯಾನ್ಸ್ ಲಾ" ಮಕ್ಕಳು ಪೋಷಕರ ಒಪ್ಪಿಗೆಯಿಂದ ಇನ್ಹೇಲರನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಸದ್ಭಾವನೆಯಿಂದ ನೆರವಾದ ಸಿಬ್ಬಂದಿಯ ಮೇಲೆ ಪರಿಹಾರದ ದಾವೆ ಹೂಡದಂತೆ ರಕ್ಷಣೆಯನ್ನೂ ಕೊಟ್ಟಿತು. ನಿಮ್ಮ ಆಡಳಿತ ಮಂಡಳಿಯವರಿಗೆ ಇದನ್ನು ಓದಿಸಿ.

ಶಾಲಾ_ಸಂಯೋಜಕಿ

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನು ಮೂರು ಗೊಂದಲ. 7ನೇ ತರಗತಿಯ ಹುಡುಗ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುತ್ತಾನೆ, ಬಿಡಬಹುದೇ? ಅಸ್ತಮಾ ಇದೆ ಎಂದು ಯಾರೂ ಹೇಳಿರದ ಮಗುವಿಗೆ ಮೊದಲ ಸಲ ಹೀಗಾದರೆ? ಒಪ್ಪಿಗೆ ಪತ್ರದಲ್ಲಿ ಏನೇನು ಇರಬೇಕು?

ವಕೀಲ_ಧಾರವಾಡ

ಹುಡುಗನ ವಿಷಯ: ಬಿಡಿ. ಪೋಷಕರು ಮತ್ತು ಡಾಕ್ಟರ್ ಇಬ್ಬರೂ "ತಾನೇ ತೆಗೆದುಕೊಳ್ಳಬಲ್ಲ" ಎಂದು ಬರೆದುಕೊಡಲಿ, ಪಿಟಿ ಮಾಸ್ತರು ಒಮ್ಮೆ ಅವನಿಂದ ಮಾಡಿಸಿ ನೋಡಲಿ. ಆದರೂ ಇನ್ನೊಂದು ಇನ್ಹೇಲರ್ ಶಾಲೆಯಲ್ಲಿರಲಿ, ಜೇಬಿನದು ಮನೆಯಲ್ಲಿ ಮರೆತು ಬರುವ ದಿನ ಬಂದೇ ಬರುತ್ತದೆ.

ಒಪ್ಪಿಗೆ ಪತ್ರ ಒಂದು ಪುಟ ಸಾಕು. ಮಗುವಿನ ಫೋಟೋ, ಹುಟ್ಟಿದ ದಿನ, ಔಷಧದ ಹೆಸರು ಮತ್ತು ಪ್ರಮಾಣ, ಯಾವುದರಿಂದ ಕೆರಳುತ್ತದೆ (ಸೀಮೆಸುಣ್ಣದ ಧೂಳು, ಪಾರ್ಥೇನಿಯಂ ಪರಾಗ, ಓಟ), ಬೇರೆ ಅಲರ್ಜಿ, ಇಬ್ಬರು ಪೋಷಕರ ಫೋನ್, ಅವರು ಸಿಗದಿದ್ದರೆ ಮೂರನೆಯವರೊಬ್ಬರು. "ತರಬೇತಿ ಪಡೆದ ಸಿಬ್ಬಂದಿ ಈ ಪ್ಲಾನಿನಂತೆ ಔಷಧ ಕೊಡಲು, ಮಗುವಿನದು ಸಿಗದಿದ್ದರೆ ಶಾಲೆಯ ತುರ್ತು ಇನ್ಹೇಲರ್ ಬಳಸಲು, ನಮಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಲು ಒಪ್ಪಿದ್ದೇವೆ" ಎಂಬ ವಾಕ್ಯ ಇರಲೇಬೇಕು. ಡಾಕ್ಟರ್ ಸಹಿ, ನೋಂದಣಿ ಸಂಖ್ಯೆ. ಪ್ರತಿ ಜೂನ್‌ನಲ್ಲಿ ಹೊಸದಾಗಿ.

ಕೊಟ್ಟಾಗಲೆಲ್ಲ ರಿಜಿಸ್ಟರಿನಲ್ಲಿ ಗಂಟೆ ನಿಮಿಷ ಸಮೇತ ಬರೆಯಿರಿ: ಏನು ಕಂಡಿತು, ಎಷ್ಟು ಪಫ್, ಯಾರಿಗೆ ಯಾವಾಗ ಫೋನ್, 108 ಕರೆದ ಹೊತ್ತು. ಆಮೇಲೆ ನೆನಪಿನಿಂದ ತುಂಬಿಸಿದ ದಾಖಲೆಗೆ ಪಾಟೀ ಸವಾಲಿನಲ್ಲಿ ಉಳಿಗಾಲವಿಲ್ಲ. ಈ ಕಾಗದಗಳನ್ನು ಮಗುವಿಗೆ 21 ತುಂಬುವವರೆಗೆ ಇಡಿ. ಲಿಮಿಟೇಷನ್ ಕಾಯ್ದೆಯ ಕಲಂ 6 ಮತ್ತು 8 ಕೂಡಿಸಿ ಓದಿದರೆ ಅಪ್ರಾಪ್ತರಿಗೆ 18 ತುಂಬಿದ ಮೇಲೂ 3 ವರ್ಷದವರೆಗೆ ದಾವೆ ಹೂಡುವ ಅವಕಾಶ ಸಿಗಬಹುದು.

ಮೊದಲ ಸಲ ಉಬ್ಬಸ ಬಂದ ಮಗುವಿಗೆ ಕೈಯಲ್ಲಿ ಪ್ಲಾನ್ ಇಲ್ಲ, ಪೋಷಕರ ಪತ್ರ ಇಲ್ಲ. ಹಾಗಾಗಿ ಮೊದಲು 108. ಅವರ ಸೂಚನೆಯಂತೆ, ಅಥವಾ ಫೋನಿನಲ್ಲಿ ಸಿಕ್ಕ ಶಾಲಾ ಡಾಕ್ಟರ್ ಹೇಳಿದಂತೆ ಕೊಡಿ, ಹೇಳಿದವರ ಹೆಸರು ಬರೆದುಕೊಳ್ಳಿ. ಇನ್ನೊಬ್ಬರು ಅದೇ ಹೊತ್ತಿಗೆ ಪೋಷಕರಿಗೆ ಫೋನ್ ಮಾಡಲಿ. ಯಾರೂ ಸಿಗದೆ ಮಗುವಿನ ತುಟಿ ನೀಲಿಯಾಗುತ್ತಿದ್ದರೆ ಕಲಂ 30 ಇರುವುದೇ ಅಂಥ ಹೊತ್ತಿಗೆ.

ಮಕ್ಕಳ_ವಾರ್ಡ್_ನರ್ಸ್

ಅದಕ್ಕೊಂದು ಎಚ್ಚರಿಕೆ. ಮೈಮೇಲೆ ದದ್ದು, ತುಟಿ ಮುಖ ಊತ, ವಾಂತಿ ಇವುಗಳ ಜೊತೆ ಉಸಿರು ಕಟ್ಟಿದರೆ ಅದು ತೀವ್ರ ಅಲರ್ಜಿ ಇರಬಹುದು. ಅದಕ್ಕೆ ಮೊದಲ ಔಷಧ ಅಡ್ರಿನಲಿನ್ ಇಂಜೆಕ್ಷನ್. ಪಫ್ ಅದರ ಜಾಗ ತುಂಬಲಾರದು. 108ಕ್ಕೆ ಹೇಳುವಾಗ ಊತ, ದದ್ದಿನ ವಿಷಯ ಮೊದಲೇ ಹೇಳಿ.

ಸರ್ಕಾರಿ_ಶಾಲೆ_ತೀರ್ಥಹಳ್ಳಿ

ಸ್ಪೇಸರ್ ಕೊಳ್ಳಲು ದುಡ್ಡಿಲ್ಲದ ಶಾಲೆಗಳು ಏನು ಮಾಡಬೇಕು? ನಮ್ಮ ಕಡೆ ಮಳೆಗಾಲದಲ್ಲಿ ಆಂಬುಲೆನ್ಸ್ ಬರುವುದೂ ತಡ.

ಮಕ್ಕಳ_ವಾರ್ಡ್_ನರ್ಸ್

ಸರ್, 500 ಮಿ.ಲೀ. ಪ್ಲಾಸ್ಟಿಕ್ ನೀರಿನ ಬಾಟಲಿ ಸಾಕು. ತಳದಲ್ಲಿ ಇನ್ಹೇಲರ್ ಬಾಯಿಯ ಅಳತೆಗೆ ತೂತು ಮಾಡಿ ಬಿಗಿಯಾಗಿ ಕೂರಿಸಿ, ಸಂದಿಯಿದ್ದರೆ ಟೇಪ್ ಸುತ್ತಿ. ಬಾಟಲಿಯ ಬಾಯಿಯನ್ನು ಮಗು ತುಟಿಯಲ್ಲಿ ಬಿಗಿಹಿಡಿದು ಉಸಿರಾಡಲಿ. ಮಕ್ಕಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುವುದನ್ನು ಅಧ್ಯಯನಗಳು ತೋರಿಸಿವೆ. ಮೊದಲೇ ಸೋಪಿನ ನೀರಲ್ಲಿ ತೊಳೆದು ಒಣಗಿಸಿ ತಯಾರಿಟ್ಟುಕೊಳ್ಳಿ, ಒಂದು ಮಗುವಿಗೆ ಒಂದು ಬಾಟಲಿ. ಚಳಿಯಲ್ಲಿ ಕ್ಯಾನಿಸ್ಟರ್ ತಣ್ಣಗಾಗಿದ್ದರೆ ಅಂಗೈಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಅಲುಗಾಡಿಸಿ.

ಆಂಬುಲೆನ್ಸ್ ತಡವಾಗುವ ಊರಾದರೆ ಎರಡನೇ ನಾಲ್ಕು ಪಫ್‌ವರೆಗೂ ಕಾಯದೆ ಮೊದಲ ನಾಲ್ಕಕ್ಕೆ ಇಳಿಯದಿದ್ದಾಗಲೇ 108 ಕರೆಯಿರಿ, ಇನ್ನೊಬ್ಬರು ಹತ್ತಿರದ ವಾಹನ ತಯಾರು ಮಾಡಲಿ. ಗಾಡಿಯಲ್ಲಿ ಹೋಗುವಾಗಲೂ ಒಬ್ಬರು ಮಗುವಿನ ಪಕ್ಕ ಕೂತು ಪಫ್ ಕೊಡುತ್ತಲೇ ಇರಬೇಕು. ಓಡಿಸುವವರು ಬೇರೆ, ಕೊಡುವವರು ಬೇರೆ.

ವಕೀಲ_ಧಾರವಾಡ

ಪ್ರವಾಸಕ್ಕೂ ಇದೇ. ಹೊರಡುವ ಮುನ್ನ ಬಸ್ಸಿನ ಹಾಜರಿ ಕೂಗುವಾಗಲೇ ಈ ಮಕ್ಕಳ ಇನ್ಹೇಲರ್, ಸ್ಪೇಸರ್, ಒಪ್ಪಿಗೆ ಪತ್ರದ ಪ್ರತಿ ಇವೆಯೇ ಎಂದು ಟಿಕ್ ಹಾಕಿ ಸಹಿ ಮಾಡಿಸಿ. ಮಗು ಒಂದು ಬಸ್ಸಿನಲ್ಲಿ, ಇನ್ಹೇಲರ್ ಇಟ್ಟ ಚೀಲ ಇನ್ನೊಂದು ಬಸ್ಸಿನಲ್ಲಿ ಹೋಗುವುದೇ ಹೆಚ್ಚು. ಹೆಸರು ಬರೆದ ಪೌಚ್ ಮಗುವಿನ ಗುಂಪಿನ ಶಿಕ್ಷಕರ ಹೆಗಲ ಮೇಲೇ ಇರಲಿ.